ಟ್ಯಾಲಿಯ ಟೊಮೆಟೊ ಲೆಕ್ಕ ಎಕ್ಸೆಲ್ ಚಾರ್ಟಿಗೆ: ನೇರ ಕೊಂಡಿ ಹೇಗೆ, ತಪ್ಪುವುದು ಎಲ್ಲಿ?

ಕೋಲಾರ ಮಂಡಿ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯ ಲೆಕ್ಕವೆಲ್ಲ ಟ್ಯಾಲಿಪ್ರೈಮ್ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿದೆ. ಹರಾಜಿನ ಚೀಟಿ ಬೇರೆ ಸಾಫ್ಟ್‌ವೇರಿನಿಂದ ಸಿಎಸ್‌ವಿ ಫೈಲಾಗಿ ಬರುತ್ತದೆ. ಎಕ್ಸೆಲ್‌ನಲ್ಲಿ ಮೂರು ಚಾರ್ಟು ಬೇಕು: ದಿನಕ್ಕೆ ಎಷ್ಟು ಬಾಕ್ಸ್ ಹೋಯಿತು, ಬಾಕ್ಸಿನ ಸರಾಸರಿ ದರ ಎಷ್ಟು, ಯಾವ ವ್ಯಾಪಾರಿಯಿಂದ ಎಷ್ಟು ಬಾಕಿ. ಬಾಕ್ಸ್ ಅಂದರೆ 15 ಕೆ.ಜಿ.

ಸದ್ಯಕ್ಕೆ ಆಲ್ಟ್ ಇ ಒತ್ತಿ ರಿಪೋರ್ಟನ್ನು ಎಕ್ಸೆಲ್‌ಗೆ ಕಳಿಸಿ, ಅದರ ಮೇಲೆ ಚಾರ್ಟು ಹಾಕುವುದು. ಬಾಕಿ ಚಾರ್ಟಿನಲ್ಲಿ ಮುಂಗಡ ಕೊಟ್ಟ ವ್ಯಾಪಾರಿಗಳೂ ಬಾಕಿದಾರರ ಸಾಲಿನಲ್ಲಿ ಬರುತ್ತಾರೆ. ಸರಾಸರಿ ದರ ನಿಜಕ್ಕಿಂತ ಮೇಲೆ ಕಾಣುತ್ತದೆ. ಚೀಟಿ ಫೈಲಿನ ತಾರೀಖುಗಳಲ್ಲಿ ಕೆಲವು ಸರಿ, ಕೆಲವು ತಿರುಗುಮುರುಗು. ವಿಂಡೋಸ್ 11, ಆಫೀಸ್ 64 ಬಿಟ್. ರಿಫ್ರೆಶ್ ಒತ್ತಿದರೆ ಚಾರ್ಟು ತಾನೇ ಬದಲಾಗುವ ಹಾಗೆ ಕೊಂಡಿ ಹಾಕಬಹುದಾ?

ಟ್ಯಾಲಿ ಬಂಗಾರಪೇಟೆ

ಹಾಕಬಹುದು ಸಾರ್. ಅದಕ್ಕೂ ಮೊದಲು ಬಾಕಿ ಚಾರ್ಟಿನ ತಪ್ಪು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ, ಯಾಕೆಂದರೆ ಆ ಚಾರ್ಟು ನೋಡಿ ವ್ಯಾಪಾರಿಗೆ ಫೋನ್ ಹೋಗುತ್ತದೆ.

ಟ್ಯಾಲಿಯಿಂದ ಬಂದ ಶೀಟಿನಲ್ಲಿ ಒಂದು ಬ್ಯಾಲೆನ್ಸ್ ಸೆಲ್ ಮೇಲೆ ಕ್ಲಿಕ್ ಮಾಡಿ. ಸೆಲ್‌ನಲ್ಲಿ 1,25,000 ಆದಮೇಲೆ ಡಿಆರ್ (ಡೆಬಿಟ್, ಅಂದರೆ ವ್ಯಾಪಾರಿಯಿಂದ ಬರಬೇಕಾದದ್ದು) ಅಂತ ಕಾಣುತ್ತದೆ, ಮುಂಗಡ ಕೊಟ್ಟವರಿಗೆ ಸಿಆರ್ (ಕ್ರೆಡಿಟ್) ಅಂತ. ಮೇಲಿನ ಫಾರ್ಮುಲಾ ಬಾರ್‌ನಲ್ಲಿ ಬರೀ 125000 ಇರುತ್ತದೆ. ಕಂಟ್ರೋಲ್ 1 ಒತ್ತಿದರೆ ಗೊತ್ತಾಗುತ್ತದೆ: ಡಿಆರ್, ಸಿಆರ್ ಎರಡೂ ನಂಬರ್ ಫಾರ್ಮ್ಯಾಟ್‌ನಲ್ಲಿ ಕೂತಿವೆ, ಅಂಕಿಯಲ್ಲಿ ಇಲ್ಲ. ಚಾರ್ಟು, ಸಮ್, ಪಿವಟ್ (ಸಾರಾಂಶದ ಟೇಬಲ್), ಪವರ್ ಕ್ವೆರಿ (ಡೇಟಾ ತಂದು ತಿದ್ದುವ ಎಕ್ಸೆಲ್ ಸಾಧನ) ಎಲ್ಲವೂ ಅಂಕಿಯನ್ನು ಮಾತ್ರ ಓದುತ್ತವೆ. ಹಾಗಾಗಿ 1,25,000 ಬಾಕಿ ಇರುವವನೂ 1,25,000 ಮುಂಗಡ ಕೊಟ್ಟವನೂ ಚಾರ್ಟಿಗೆ ಒಂದೇ. ಹಳೆಯ ಶೀಟುಗಳನ್ನು ಉಳಿಸಿಕೊಳ್ಳಲೇಬೇಕಿದ್ದರೆ ಆ ಕಾಲಂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ, ಅಲ್ಲಿಂದ ಮತ್ತೆ ಹೊಸ ಶೀಟಿಗೆ ತನ್ನಿ. ಆಗ ಡಿಆರ್, ಸಿಆರ್ ಅಕ್ಷರವಾಗಿಯೇ ಬರುತ್ತವೆ, ಕೊನೆಯ ಎರಡು ಅಕ್ಷರ ನೋಡಿ ಚಿಹ್ನೆ ಹಾಕಬಹುದು.

ಇನ್ನು ನೇರ ಕೊಂಡಿ. ಬಾಕಿ ಚಾರ್ಟಿಗೆ ಓಡಿಬಿಸಿ ಸಾಕು, ಅಂದರೆ ಒಂದು ಸಾಫ್ಟ್‌ವೇರಿನ ಡೇಟಾವನ್ನು ಇನ್ನೊಂದು ಟೇಬಲ್ ಆಗಿ ಓದುವ ಕೊಂಡಿ. ಟ್ಯಾಲಿಪ್ರೈಮ್‌ನಲ್ಲಿ ಎಫ್1, ಸೆಟ್ಟಿಂಗ್ಸ್, ಕನೆಕ್ಟಿವಿಟಿಗೆ ಹೋಗಿ. ಕ್ಲೈಂಟ್ ಸರ್ವರ್ ಕಾನ್ಫಿಗರೇಶನ್‌ನಲ್ಲಿ ಟ್ಯಾಲಿ ಯಾವ ಪಾತ್ರದಲ್ಲಿ ಅನ್ನುವ ಕಡೆ ಬೋತ್, ಓಡಿಬಿಸಿ ಕಡೆ ಯೆಸ್, ಪೋರ್ಟ್ 9000 ಕೊಡಿ. ಟ್ಯಾಲಿ ಮುಚ್ಚಿ ಮತ್ತೆ ತೆರೆಯಿರಿ, ಕಂಪನಿಯನ್ನೂ ತೆರೆದಿಡಿ. ಅದೇ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ವಿಳಾಸಕ್ಕೆ ಕೋಲನ್ ಹಾಕಿ 9000 ಬರೆದರೆ ಟ್ಯಾಲಿ ಸರ್ವರ್ ಓಡುತ್ತಿದೆ ಎಂಬ ಒಂದು ಸಾಲು ಬರಬೇಕು. ಆ ಸಾಲು ಬಾರದೆ ಎಕ್ಸೆಲ್ ಕಡೆ ಹೋಗಬೇಡಿ.

ಎಕ್ಸೆಲ್‌ನಲ್ಲಿ ಡೇಟಾ, ಗೆಟ್ ಡೇಟಾ, ಫ್ರಮ್ ಅದರ್ ಸೋರ್ಸಸ್, ಮೈಕ್ರೋಸಾಫ್ಟ್ ಕ್ವೆರಿ. ಪಟ್ಟಿಯಲ್ಲಿ ಟ್ಯಾಲಿ ಓಡಿಬಿಸಿ, 9000 ಅಂತ ಕಾಣುವುದನ್ನು ಆರಿಸಿ. ಲೆಡ್ಜರ್ ಟೇಬಲ್‌ನಿಂದ ಮೂರೇ ಕಾಲಂ ತೆಗೆದುಕೊಳ್ಳಿ: ನೇಮ್, ಪೇರೆಂಟ್, ಕ್ಲೋಸಿಂಗ್ ಬ್ಯಾಲೆನ್ಸ್. ಎಲ್ಲ ಹೆಸರೂ ಡಾಲರ್ ಚಿಹ್ನೆಯಿಂದ ಶುರುವಾಗುತ್ತವೆ, ಗಾಬರಿ ಬೇಡ.

ಕೋಲಾರ ಮಂಡಿ ಲೆಕ್ಕ

ನಂಬರ್ ಫಾರ್ಮ್ಯಾಟಿನ ವಿಷಯ ಹೌದು, ಫಾರ್ಮುಲಾ ಬಾರ್‌ನಲ್ಲಿ ಡಿಆರ್ ಇಲ್ಲ. ಬ್ರೌಸರಿನಲ್ಲಿ ಸಾಲು ಬರುತ್ತಿದೆ. ಆದರೆ ಎಕ್ಸೆಲ್‌ನಲ್ಲಿ ಡ್ರೈವರಿಗೂ ಅಪ್ಲಿಕೇಶನ್‌ಗೂ ಆರ್ಕಿಟೆಕ್ಚರ್ ಹೊಂದುತ್ತಿಲ್ಲ ಎಂಬ ಎರರ್.

ಟ್ಯಾಲಿ ಬಂಗಾರಪೇಟೆ

32 ಬಿಟ್ ಡ್ರೈವರನ್ನು 64 ಬಿಟ್ ಎಕ್ಸೆಲ್ ಕರೆಯುತ್ತಿದೆ. ಹೊಂದಬೇಕಾದದ್ದು ಎಕ್ಸೆಲ್‌ನ ಬಿಟ್, ವಿಂಡೋಸ್‌ದಲ್ಲ. ಎಕ್ಸೆಲ್‌ನ ಫೈಲ್, ಅಕೌಂಟ್, ಅಬೌಟ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಓಡಿಬಿಸಿ ಅಡ್ಮಿನಿಸ್ಟ್ರೇಟರ್ ಎರಡಿವೆ, ಹೆಸರು ಜನರನ್ನು ದಾರಿ ತಪ್ಪಿಸುತ್ತದೆ: ಸಿಸ್ಟಮ್32 ಫೋಲ್ಡರಿನಲ್ಲಿ ಇರುವುದು 64 ಬಿಟ್‌ನದು, ಸಿಸ್‌ವಾವ್64 ಫೋಲ್ಡರಿನದು 32 ಬಿಟ್‌ನದು. ಸ್ಟಾರ್ಟ್ ಮೆನುವಿನಲ್ಲಿ ಓಡಿಬಿಸಿ ಅಂತ ಹುಡುಕಿ, 64 ಬಿಟ್ ಅಂತ ಬರೆದಿರುವುದನ್ನೇ ತೆರೆದು, ಹೆಸರಿನಲ್ಲೇ 64 ಇರುವ ಟ್ಯಾಲಿ ಡ್ರೈವರ್ ಅಲ್ಲಿದೆಯೇ ನೋಡಿ. ಇಲ್ಲದಿದ್ದರೆ 64 ಬಿಟ್ ಟ್ಯಾಲಿಪ್ರೈಮನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕು. ಅದಕ್ಕೆ ಮುಂಚೆ ಡೇಟಾ ಬ್ಯಾಕಪ್ ಬೇರೆ ಡಿಸ್ಕಿಗೆ ತೆಗೆದಿಡಿ.

ಮಾಲೂರು ಆಡಿಟ್

ಕೊಂಡಿ ಬಿದ್ದ ಕೂಡಲೇ ಚಾರ್ಟಿಗೆ ಹೋಗಬೇಡಿ ಅಣ್ಣ, ನಾಲ್ಕು ವಿಷಯ ನೋಡಿ.

ಓಡಿಬಿಸಿಯಲ್ಲಿ ಡೆಬಿಟ್ ಬ್ಯಾಲೆನ್ಸ್ ಮೈನಸ್ ಆಗಿ ಬರುತ್ತದೆ, ಕ್ರೆಡಿಟ್ ಪ್ಲಸ್ ಆಗಿ. 1,25,000 ಬಾಕಿ ಇರುವ ವ್ಯಾಪಾರಿಯದು -125000. ಪಕ್ಕದ ಕಾಲಂನಲ್ಲಿ -1ರಿಂದ ಗುಣಿಸಿ. ಆಗ ಬಾಕಿ ಬಲಕ್ಕೆ, ಮುಂಗಡ ಎಡಕ್ಕೆ ಚಾಚುವ ಅಡ್ಡ ಬಾರ್ ಚಾರ್ಟು ಸಿಗುತ್ತದೆ. ಬಾಕಿ ತೋರಿಸಲು ಪೈ ಚಾರ್ಟು ಬೇಡವೇ ಬೇಡ, ಪೈಗೆ ಮೈನಸ್ ಅಂಕಿ ಗೊತ್ತಿಲ್ಲ, ಅದನ್ನೂ ಪ್ಲಸ್ ಅಂತಲೇ ಬಿಡಿಸುತ್ತದೆ.

ಬ್ಯಾಲೆನ್ಸ್ ಬರುವುದು ಟ್ಯಾಲಿಯಲ್ಲಿ ಆಗ ಇಟ್ಟಿರುವ ಪೀರಿಯಡ್ ಪ್ರಕಾರ. ಯಾರೋ ಆಲ್ಟ್ ಎಫ್2 ಒತ್ತಿ ಜೂನ್ ಕೊನೆಗೆ ನಿಲ್ಲಿಸಿದ್ದರೆ ನಿಮ್ಮ ಚಾರ್ಟೂ ಜೂನ್ ಕೊನೆಯದೇ.

ಎರಡು ಕಂಪನಿ ತೆರೆದಿದ್ದರೆ ಓಡಿಬಿಸಿ ಉತ್ತರ ಕೊಡುವುದು ಆಗ ಸಕ್ರಿಯವಾಗಿರುವ ಕಂಪನಿಯಿಂದ. ಮಂಡಿಯ ಲೆಕ್ಕ ಒಂದು ಕಂಪನಿ, ಲಾರಿ ಬಾಡಿಗೆಯದು ಇನ್ನೊಂದು ಅಂತ ಇರುವ ಕಡೆ ಇದು ದೊಡ್ಡ ಗೊಂದಲ ಮಾಡುತ್ತದೆ.

ಪೇರೆಂಟ್ ಕಾಲಂ ತಕ್ಷಣದ ಗುಂಪನ್ನು ಮಾತ್ರ ಹೇಳುತ್ತದೆ. ಸಂಡ್ರಿ ಡೆಟರ್ಸ್ (ಬಾಕಿದಾರರ ಗುಂಪು) ಅಂತ ಫಿಲ್ಟರ್ ಹಾಕಿದರೆ, ಅದರ ಕೆಳಗೆ ಚೆನ್ನೈ ವ್ಯಾಪಾರಿಗಳು, ಕೋಲ್ಕತ್ತ ವ್ಯಾಪಾರಿಗಳು ಅಂತ ಉಪಗುಂಪು ಮಾಡಿದ್ದರೆ ಅವರೆಲ್ಲ ಬಿಟ್ಟುಹೋಗುತ್ತಾರೆ. ಗ್ರೂಪ್ ಟೇಬಲನ್ನೂ ತಂದು ಪವರ್ ಕ್ವೆರಿಯಲ್ಲಿ ಮರ್ಜ್ ಮಾಡಿ ಮೇಲಿನ ಗುಂಪಿನ ಹೆಸರು ಹಿಡಿಯಿರಿ.

ಕೋಲಾರ ಮಂಡಿ ಲೆಕ್ಕ

ಬಾಕಿ ಚಾರ್ಟು ಸರಿಹೋಯಿತು. ಈಗ ಬಾಕ್ಸ್ ಮತ್ತು ದರಕ್ಕೆ ವೋಚರ್ (ಒಂದೊಂದು ವ್ಯವಹಾರದ ನಮೂದು) ಬೇಕು. ಓಡಿಬಿಸಿ ಪಟ್ಟಿಯಲ್ಲಿ ವೋಚರ್ ಟೇಬಲ್ಲೇ ಇಲ್ಲವಲ್ಲ?

ಶ್ರೀನಿವಾಸಪುರ ಕೋಡ್

ಇರುವುದಿಲ್ಲ. ತಾನಾಗಿ ಸಿಗುವುದು ಲೆಡ್ಜರ್ (ಖಾತೆ), ಗ್ರೂಪ್, ಸ್ಟಾಕ್ ಐಟಂ ತರಹದ ಮಾಸ್ಟರ್‌ಗಳು, ಅಂದರೆ ಮೂಲ ಪಟ್ಟಿಗಳು. ವೋಚರ್ ಬೇಕಿದ್ದರೆ ಟಿಡಿಎಲ್‌ನಲ್ಲಿ (ಟ್ಯಾಲಿಯ ಕೋಡ್ ಭಾಷೆ) ಒಂದು ಕಲೆಕ್ಷನ್ ಬರೆದು ಅದನ್ನು ಓಡಿಬಿಸಿ ಟೇಬಲ್ ಅಂತ ಘೋಷಿಸಬೇಕು. ಅದಕ್ಕಿಂತ ಅದೇ 9000 ಪೋರ್ಟಿಗೆ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿದ ಪಠ್ಯ) ಕೋರಿಕೆ ಕಳಿಸುವುದು ವಾಸಿ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಕಂಪನಿಯ ಹೆಸರು, ಶುರುವಿನ ತಾರೀಖು, ಕೊನೆಯ ತಾರೀಖು ಮೂರನ್ನೂ ಕೋರಿಕೆಯಲ್ಲೇ ಬರೆಯಬಹುದು. ಮಾಲೂರಿನವರು ಹೇಳಿದ ಪೀರಿಯಡ್ ಗೊಂದಲ, ಕಂಪನಿ ಗೊಂದಲ ಎರಡೂ ಅಲ್ಲಿಗೆ ಮುಗಿಯುತ್ತವೆ. ಕಂಪನಿ ಹೆಸರು ಟ್ಯಾಲಿಯಲ್ಲಿ ಇರುವ ಹಾಗೆಯೇ ಅಕ್ಷರಶಃ ಇರಬೇಕು, ತಾರೀಖು ವರ್ಷ ತಿಂಗಳು ದಿನ ಸೇರಿಸಿ 20240705 ಅನ್ನುವ ರೂಪದಲ್ಲಿ.

ಪವರ್ ಕ್ವೆರಿಯ ವೆಬ್ ಕಂಟೆಂಟ್ಸ್ ಫಂಕ್ಷನ್‌ಗೆ ಕಂಟೆಂಟ್ ಆಯ್ಕೆಯಲ್ಲಿ ಈ ಎಕ್ಸ್‌ಎಂಎಲ್ ಕೊಟ್ಟರೆ ಅದು ಪೋಸ್ಟ್ (ಡೇಟಾ ಕಳಿಸುವ ವೆಬ್ ಕೋರಿಕೆ) ಆಗಿ ಹೋಗುತ್ತದೆ. ಲಾಗಿನ್ ಕೇಳಿದಾಗ ಅನಾನಿಮಸ್ ಆರಿಸಿ, ಬೇರೆ ಯಾವುದಕ್ಕೂ ಪೋಸ್ಟ್ ಒಪ್ಪುವುದಿಲ್ಲ.

ಇಲ್ಲಿ ಒಂದು ಮುಳ್ಳಿದೆ. ಉತ್ತರ ಬಂದಮೇಲೆ ಎಕ್ಸ್‌ಎಂಎಲ್ ಸರಿಯಿಲ್ಲ, ಅಮಾನ್ಯ ಅಕ್ಷರ ಇದೆ ಅಂತ ಎರರ್ ಬರುತ್ತದೆ. ಟ್ಯಾಲಿ ತನ್ನ ಒಳಗಿನ ನಾಟ್ ಅಪ್ಲಿಕಬಲ್, ಪ್ರೈಮರಿ ತರಹದ ಪದಗಳ ಮುಂದೆ 4ನೇ ನಂಬರಿನ ಕಂಟ್ರೋಲ್ ಅಕ್ಷರ ಹಾಕಿ ಕಳಿಸುತ್ತದೆ. ಉತ್ತರದಲ್ಲಿ ಅದು ಆಂಪರ್ಸೆಂಡ್, ಹ್ಯಾಶ್, 4, ಸೆಮಿಕೋಲನ್ ಆಗಿ ಕಾಣುತ್ತದೆ. ಎಕ್ಸ್‌ಎಂಎಲ್ 1.0ರ ನಿಯಮದಲ್ಲಿ ಆ ಅಕ್ಷರಕ್ಕೆ ಜಾಗವಿಲ್ಲ. ಅದಕ್ಕೇ ಉತ್ತರವನ್ನು ಮೊದಲು ಪಠ್ಯವಾಗಿ ಓದಿ, ಆ ನಾಲ್ಕು ಚಿಹ್ನೆಗಳ ಜೋಡಣೆಯನ್ನು ಟೆಕ್ಸ್ಟ್ ರಿಪ್ಲೇಸ್‌ನಿಂದ ಅಳಿಸಿ, ಆಮೇಲೆ ಎಕ್ಸ್‌ಎಂಎಲ್ ಟೇಬಲ್ಸ್‌ಗೆ ಕೊಡಿ.

ಬಂದ ಅಂಕಿಗಳೂ ಶುದ್ಧ ಅಂಕಿಗಳಲ್ಲ. ಪ್ರಮಾಣ 200 ಬಾಕ್ಸ್ ಅಂತ ಯೂನಿಟ್ ಸಮೇತ ಬರುತ್ತದೆ. ಕೆ.ಜಿ.ಯನ್ನು ಪರ್ಯಾಯ ಯೂನಿಟ್ ಮಾಡಿದ್ದರೆ 200 ಬಾಕ್ಸ್ ಸಮ 3000 ಕೆ.ಜಿ. ಅಂತ ಇಡೀ ಸಾಲೇ ಬರುತ್ತದೆ. ದರ 350 ಓರೆಗೆರೆ ಬಾಕ್ಸ್ ಅಂತ. ಮುಂದಿನ ಖಾಲಿ ಜಾಗ ಟ್ರಿಮ್ ಮಾಡಿ, ಪ್ರಮಾಣದಲ್ಲಿ ಮೊದಲ ಸ್ಪೇಸ್‌ವರೆಗಿನ, ದರದಲ್ಲಿ ಓರೆಗೆರೆವರೆಗಿನ ಭಾಗ ಮಾತ್ರ ಉಳಿಸಿಕೊಂಡು, ಆಮೇಲೆ ನಂಬರ್ ಮಾಡಿ. ಕ್ಯಾನ್ಸಲ್ ಆದ ವೋಚರು, ಆಪ್ಶನಲ್ (ಲೆಕ್ಕಕ್ಕೆ ಇನ್ನೂ ಸೇರದ) ವೋಚರು ಎರಡಕ್ಕೂ ಯೆಸ್ ನೋ ಗುರುತು ಇರುತ್ತದೆ, ನೋ ಇರುವವನ್ನು ಮಾತ್ರ ಉಳಿಸಿಕೊಳ್ಳಿ.

ವರ್ಷವಿಡೀ ಒಟ್ಟಿಗೆ ಕೇಳಬೇಡಿ. ಉತ್ತರ ಕಟ್ಟುವಷ್ಟು ಹೊತ್ತು ಟ್ಯಾಲಿ ಪರದೆ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ, ಬಿಲ್ಲು ಹಾಕುತ್ತಿರುವವರ ಕೈ ಕಟ್ಟಿಹೋಗುತ್ತದೆ. ತಿಂಗಳು ತಿಂಗಳು ಕೇಳಿ, ಮುಗಿದ ತಿಂಗಳುಗಳನ್ನು ಫೈಲಾಗಿ ಇಟ್ಟುಕೊಳ್ಳಿ, ಹರಾಜು ಮುಗಿದ ಮೇಲೆ ರಿಫ್ರೆಶ್ ಮಾಡಿ.

ಕೋಲಾರ ಮಂಡಿ ಲೆಕ್ಕ

ಬದಲಾದ ವೋಚರ್ ಮಾತ್ರ ತರಲು ಆಗುವುದಿಲ್ಲವೇ?

ಶ್ರೀನಿವಾಸಪುರ ಕೋಡ್

ಆಲ್ಟರ್ ಐಡಿ ಇದೆ. ವೋಚರ್ ಬದಲಾದಾಗಲೆಲ್ಲ ಆ ನಂಬರ್ ಏರುತ್ತದೆ, ಕೊನೆಗೆ ನೋಡಿದ್ದಕ್ಕಿಂತ ದೊಡ್ಡದನ್ನು ಕೇಳಿದರೆ ಹೊಸದೂ ತಿದ್ದಿದ್ದೂ ಬರುತ್ತದೆ. ಆದರೆ ಅಳಿಸಿಹಾಕಿದ ವೋಚರ್ ಯಾವ ನಂಬರಿನಲ್ಲೂ ಬರುವುದಿಲ್ಲ, ಅದು ನಿಮ್ಮ ಚಾರ್ಟಿನಲ್ಲಿ ಉಳಿದೇಬಿಡುತ್ತದೆ. ಒಂದು ಮಂಡಿಯ ಗಾತ್ರಕ್ಕೆ ಈ ತಿಂಗಳು ಮತ್ತು ಹಿಂದಿನ ತಿಂಗಳನ್ನು ಪೂರ್ತಿ ಮತ್ತೆ ತರುವುದೇ ಕ್ಷೇಮ.

ಟ್ಯಾಲಿ ಬಂಗಾರಪೇಟೆ

ಎಕ್ಸ್‌ಎಂಎಲ್ ಕಷ್ಟ ಅನ್ನುವವರಿಗೆ ಇನ್ನೊಂದು ದಾರಿ. ಸೇಲ್ಸ್ ರಿಜಿಸ್ಟರನ್ನು ತಿಂಗಳಿಗೊಂದು ಫೈಲಾಗಿ ಒಂದೇ ಫೋಲ್ಡರಿಗೆ ಕಳಿಸಿ, ಪವರ್ ಕ್ವೆರಿಯಲ್ಲಿ ಫ್ರಮ್ ಫೋಲ್ಡರ್ ಬಳಸಿ. ಮೂರು ಕಡೆ ಎಡವುತ್ತಾರೆ. ಫೈಲ್ ಯಾರಾದರೂ ತೆರೆದಿಟ್ಟಿದ್ದರೆ ಟಿಲ್ಡೆ, ಡಾಲರ್ ಚಿಹ್ನೆಯಿಂದ ಶುರುವಾಗುವ ಗುಪ್ತ ಫೈಲೊಂದು ಫೋಲ್ಡರಿಗೆ ಸೇರಿ ಕ್ವೆರಿ ಬೀಳುತ್ತದೆ, ಆ ಹೆಸರುಗಳನ್ನು ಮೊದಲೇ ಫಿಲ್ಟರ್ ಮಾಡಿ. ಮೇಲಿನ ಕಂಪನಿ ವಿಳಾಸದ ಸಾಲುಗಳನ್ನು ಎಣಿಸಿ ತೆಗೆಯಬೇಡಿ. ವಿಳಾಸಕ್ಕೆ ಒಂದು ಸಾಲು ಹೆಚ್ಚಾದರೆ ಲೆಕ್ಕ ತಪ್ಪುತ್ತದೆ, ಅದರ ಬದಲು ಡೇಟ್ ಅನ್ನುವ ತಲೆಬರಹ ಇರುವ ಸಾಲನ್ನು ಹುಡುಕಿ ಅಲ್ಲಿಂದ ಶುರು ಮಾಡಿ. ಮೂರನೆಯದು ತಾನಾಗಿ ಬರುವ ಚೇಂಜ್ಡ್ ಟೈಪ್ ಹಂತ. ಅದು ಕಾಲಂ ಹೆಸರುಗಳನ್ನು ಗಟ್ಟಿಯಾಗಿ ಕಟ್ಟಿಹಾಕುತ್ತದೆ, ಒಂದು ಹೆಸರು ಬದಲಾದರೂ ಕಾಲಂ ಸಿಗಲಿಲ್ಲ ಅಂತ ಎರರ್.

ಪಿವಟ್ ಮುಳಬಾಗಿಲು

ಚಾರ್ಟಿನ ಕಡೆಯದು ನಾನು ಹೇಳುತ್ತೇನೆ. ಮೊದಲು ಸರಾಸರಿ ದರ. ಬೆಳಿಗ್ಗೆ 10 ಬಾಕ್ಸ್ 600 ರೂಪಾಯಿಗೆ ಹೋಯಿತು, ಆಮೇಲೆ 190 ಬಾಕ್ಸ್ 350ಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಪಿವಟ್‌ನಲ್ಲಿ ದರದ ಆವರೇಜ್ ಹಾಕಿದರೆ 475 ಬರುತ್ತದೆ. ನಿಜವಾದ ಲೆಕ್ಕ: 6,000 ಮತ್ತು 66,500 ಸೇರಿ 72,500, ಅದನ್ನು 200 ಬಾಕ್ಸಿಗೆ ಭಾಗಿಸಿದರೆ 362.50. ನೂರಹನ್ನೆರಡು ರೂಪಾಯಿ ಐವತ್ತು ಪೈಸೆ ವ್ಯತ್ಯಾಸ! ಪಿವಟ್‌ನ ಕ್ಯಾಲ್ಕುಲೇಟೆಡ್ ಫೀಲ್ಡ್‌ನಲ್ಲಿ ಮೊತ್ತವನ್ನು ಬಾಕ್ಸಿನಿಂದ ಭಾಗಿಸಿ. ಅದು ಮೊದಲು ಎರಡನ್ನೂ ಕೂಡಿಸಿ ಆಮೇಲೆ ಭಾಗಿಸುತ್ತದೆ, ನಮಗೆ ಬೇಕಾದದ್ದೂ ಅದೇ. ದರದ ಕಾಲಂ ಚಾರ್ಟಿಗೆ ಬೇಕಾಗಿಯೇ ಇಲ್ಲ.

ಚೀಟಿ ಫೈಲಿನ ತಾರೀಖು. 05-07-2024 ಅನ್ನುವುದನ್ನು ವಿಂಡೋಸ್ ರೀಜನ್ ಅಮೆರಿಕ ಆಗಿದ್ದರೆ ಎಕ್ಸೆಲ್ ಮೇ 7 ಅಂತ ಓದುತ್ತದೆ. 13-07-2024 ಬಂದಾಗ 13ನೇ ತಿಂಗಳು ಇಲ್ಲವಲ್ಲ, ಅದನ್ನು ಪಠ್ಯವಾಗಿ ಬಿಡುತ್ತದೆ. ಹೀಗಾಗಿ ತಿಂಗಳ ಮೊದಲ 12 ದಿನ ಬೇರೆ ಬೇರೆ ತಿಂಗಳಿಗೆ ಚದುರಿ, ಉಳಿದವು ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ. ಡಬಲ್ ಕ್ಲಿಕ್ ಮಾಡಿ ಸಿಎಸ್‌ವಿ ತೆರೆಯುವುದನ್ನು ಬಿಡಿ. ಫ್ರಮ್ ಟೆಕ್ಸ್ಟ್ ಸಿಎಸ್‌ವಿ ಮೂಲಕ ತಂದು, ತಾನಾಗಿ ಬಂದಿರುವ ಚೇಂಜ್ಡ್ ಟೈಪ್ ಹಂತ ಅಳಿಸಿ, ಕಾಲಂ ತಲೆಯಲ್ಲಿ ಯೂಸಿಂಗ್ ಲೊಕೇಲ್ ಆರಿಸಿ, ಡೇಟ್, ಇಂಗ್ಲಿಷ್ ಇಂಡಿಯಾ ಕೊಡಿ. ರೈತರ ಹೆಸರು ಕನ್ನಡದಲ್ಲಿದ್ದರೆ ಅಲ್ಲೇ ಫೈಲ್ ಒರಿಜಿನ್ 65001 (ಯೂನಿಕೋಡ್ ಯುಟಿಎಫ್-8) ಇರಲಿ. ಹಳೆಯ ನುಡಿ ಫಾಂಟಿನ ಅಕ್ಷರಗಳಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಚಾರ್ಟಿಗೆ ನಿರ್ಮಲಾ ಯುಐ ಫಾಂಟ್ ಕೊಟ್ಟರೆ ಒತ್ತಕ್ಷರ ಸರಿಯಾಗಿ ಬರುತ್ತದೆ.

ರಿಫ್ರೆಶ್ ಆಲ್ ಎರಡು ಸಲ ಒತ್ತಬೇಕಾಗುತ್ತದೆ ಅಂತ ಎಲ್ಲರೂ ದೂರುತ್ತಾರೆ. ಕ್ವೆರಿ ಹಿನ್ನೆಲೆಯಲ್ಲಿ ಓಡುತ್ತಿರುವಾಗಲೇ ಪಿವಟ್ ಹಳೆಯ ಡೇಟಾ ಹಿಡಿದು ಮುಗಿಸಿಬಿಟ್ಟಿರುತ್ತದೆ. ಕ್ವೆರಿಯ ಪ್ರಾಪರ್ಟೀಸ್‌ನಲ್ಲಿ ಎನೇಬಲ್ ಬ್ಯಾಕ್‌ಗ್ರೌಂಡ್ ರಿಫ್ರೆಶ್ ಗುರುತು ತೆಗೆಯಿರಿ, ಒಂದೇ ಸಲ ಸಾಕು.

ಪಿವಟ್ ತಿಂಗಳುಗಳನ್ನು ಜನವರಿಯಿಂದ ಜೋಡಿಸುತ್ತದೆ. ನಮಗೆ ಏಪ್ರಿಲ್‌ನಿಂದ ಬೇಕು. ತಿಂಗಳ ಸಂಖ್ಯೆಗೆ 8 ಕೂಡಿಸಿ, 12ರಿಂದ ಭಾಗಿಸಿ ಉಳಿದ ಶೇಷಕ್ಕೆ 1 ಕೂಡಿಸಿ ಒಂದು ಕಾಲಂ ಮಾಡಿ. ಏಪ್ರಿಲ್ 1, ಮಾರ್ಚ್ 12 ಆಗುತ್ತದೆ, ಅದರ ಮೇಲೆ ಜೋಡಿಸಿ.

ಅಕ್ಷದ ಮೇಲೆ ಲಕ್ಷ ಬೇಕಿದ್ದರೆ ಫಾರ್ಮ್ಯಾಟ್ ಆಕ್ಸಿಸ್‌ನ ಡಿಸ್‌ಪ್ಲೇ ಯೂನಿಟ್ಸ್‌ನಲ್ಲಿ 100000 ಅಂತ ಒಂದು ಆಯ್ಕೆ ಇದೆ, ಕೋಟಿಗೆ 10000000. ಪಕ್ಕದಲ್ಲಿ ಬರುವ ಲೇಬಲನ್ನು ಲಕ್ಷ ರೂ. ಅಂತ ತಿದ್ದಿಕೊಳ್ಳಿ.

ಕೋಲಾರ ಮಂಡಿ ಲೆಕ್ಕ

ದಿನದ ಗರಿಷ್ಠ, ಕನಿಷ್ಠ, ಕೊನೆಯ ದರ ಮೂರನ್ನೂ ಒಂದೇ ಚಾರ್ಟಿನಲ್ಲಿ ತೋರಿಸಬೇಕು ಅಂತ ಹೈ ಲೋ ಕ್ಲೋಸ್ ಚಾರ್ಟು ಹಾಕಲು ಹೋದರೆ ಪಿವಟ್ ಒಪ್ಪುತ್ತಿಲ್ಲ.

ಪಿವಟ್ ಮುಳಬಾಗಿಲು

ಪಿವಟ್ ಚಾರ್ಟಿಗೆ ಸ್ಟಾಕ್, ಸ್ಕ್ಯಾಟರ್, ಬಬಲ್ ಮೂರೂ ಬರುವುದಿಲ್ಲ. ಪವರ್ ಕ್ವೆರಿಯಲ್ಲೇ ತಾರೀಖಿನ ಮೇಲೆ ಗ್ರೂಪ್ ಬೈ ಮಾಡಿ ಶೀಟಿಗೆ ಟೇಬಲ್ ಆಗಿ ಇಳಿಸಿ, ಆ ಟೇಬಲ್ ಮೇಲೆ ಸ್ಟಾಕ್ ಚಾರ್ಟು ಹಾಕಿ. ಕಾಲಂ ಕ್ರಮ ತಾರೀಖು, ಗರಿಷ್ಠ, ಕನಿಷ್ಠ, ಕೊನೆಯ ದರ ಹೀಗೇ ಇರಬೇಕು, ಬದಲಾದರೆ ಚಾರ್ಟು ತಪ್ಪಾಗಿ ಬರುತ್ತದೆ. ಕ್ವೆರಿಯಿಂದ ಇಳಿದ ಟೇಬಲ್ ಆದ್ದರಿಂದ ಹೊಸ ಸಾಲು ಬಂದಾಗ ಚಾರ್ಟು ತಾನೇ ಉದ್ದವಾಗುತ್ತದೆ.

ಹರಾಜು ಇಲ್ಲದ ದಿನವನ್ನು ಸೊನ್ನೆ ಅಂತ ತುಂಬಬೇಡಿ, ದರ ಪಾತಾಳಕ್ಕೆ ಬಿದ್ದಂತೆ ಗೆರೆ ಇಳಿಯುತ್ತದೆ. ಖಾಲಿ ಬಿಟ್ಟು, ಸೆಲೆಕ್ಟ್ ಡೇಟಾದ ಹಿಡನ್ ಅಂಡ್ ಎಂಪ್ಟಿ ಸೆಲ್ಸ್‌ನಲ್ಲಿ ಗ್ಯಾಪ್ಸ್ ಆರಿಸಿ. ಅದೇ ಜಾಗದಲ್ಲಿ ಇನ್ನೊಂದು ಗುರುತಿದೆ: ಸಾಲು ಹೈಡ್ ಮಾಡಿದರೆ ಅದು ಚಾರ್ಟಿನಿಂದಲೂ ಮಾಯವಾಗುತ್ತದೆ, ಬೇಡವಾದರೆ ಶೋ ಡೇಟಾ ಇನ್ ಹಿಡನ್ ರೋಸ್ ಹಾಕಿ.

ಹಳೆಯ ವರ್ಷಗಳನ್ನು ಸೇರಿಸುವಾಗ 2023ರ ಜುಲೈ ನೆನಪಿಡಿ. ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ಒಂದು ಶಿಖರದ ಪಕ್ಕದಲ್ಲಿ 250ರಿಂದ 400ಕ್ಕೆ ಏರಿದ್ದು ಸಪಾಟಾಗಿ ಕಾಣುತ್ತದೆ. ದರದ ಅಕ್ಷಕ್ಕೆ ಲಾಗರಿದಮಿಕ್ ಸ್ಕೇಲ್, ಬೇಸ್ 2 ಕೊಡಿ. ದರ ಇಮ್ಮಡಿಯಾದಾಗಲೆಲ್ಲ ಗೆರೆ ಒಂದೇ ಎತ್ತರ ಏರುತ್ತದೆ. ಬಾಕ್ಸಿನ ಸಂಖ್ಯೆಗೆ ಮಾತ್ರ ಲಾಗ್ ಬೇಡ, ಕಂಬಗಳು ಸೊನ್ನೆಯಿಂದಲೇ ಏಳಬೇಕು.

ಮಾಲೂರು ಆಡಿಟ್

9000 ಪೋರ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಕಂಪನಿ ತೆರೆದಿರುವಾಗ ಆ ಪೋರ್ಟು ಪಾಸ್‌ವರ್ಡ್ ಕೇಳುವುದಿಲ್ಲ. ಓದುವುದಷ್ಟೇ ಅಲ್ಲ, ಅದೇ ದಾರಿಯಲ್ಲಿ ವೋಚರನ್ನು ಒಳಕ್ಕೆ ಕಳಿಸಲೂ ಬರುತ್ತದೆ. ಎಕ್ಸೆಲ್ ಮತ್ತು ಟ್ಯಾಲಿ ಒಂದೇ ಕಂಪ್ಯೂಟರಿನಲ್ಲಿದ್ದರೆ ಫೈರ್‌ವಾಲ್‌ನಲ್ಲಿ ಏನನ್ನೂ ತೆರೆಯಬೇಡಿ. ಬೇರೆ ಬೇರೆ ಇದ್ದರೆ ಇನ್‌ಬೌಂಡ್ ರೂಲ್ ಬರೆದು, ಸ್ಕೋಪ್‌ನಲ್ಲಿ ಚಾರ್ಟಿನ ಕಂಪ್ಯೂಟರಿನ ಒಂದೇ ಐಪಿ ವಿಳಾಸ ಕೊಡಿ. ಮಂಡಿಗೆ ಬಂದವರ ಮೊಬೈಲಿಗೂ ಕೊಡುವ ವೈಫೈಗೇ ಟ್ಯಾಲಿ ಕಂಪ್ಯೂಟರ್ ಸಿಕ್ಕಿಸಿರುವುದು ದೊಡ್ಡ ಅಪಾಯ, ಅದನ್ನು ಮೊದಲು ಬೇರ್ಪಡಿಸಿ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಅಂತೂ ಯಾವ ಕಾರಣಕ್ಕೂ ಬೇಡ.

ಶ್ರೀನಿವಾಸಪುರ ಕೋಡ್

ನಮ್ಮ ಕಡೆ ಮಾವಿನ ಮಂಡಿಗಳಿಗೂ ಇದೇ ಕ್ರಮ ನಡೆಯುತ್ತದೆ, ಒಂದು ಎಚ್ಚರಿಕೆ ಸಾಕು. ಮಾವು ಟನ್ ಲೆಕ್ಕ, ಟೊಮೆಟೊ ಬಾಕ್ಸ್ ಲೆಕ್ಕ. ಎರಡನ್ನೂ ಒಂದೇ ಚಾರ್ಟಿಗೆ ತರುವ ಮೊದಲು ಕೆ.ಜಿ.ಗೆ ಇಳಿಸಿ.

ಮಾಲೂರು ಆಡಿಟ್

ಕೊನೆಗೆ ತಾಳೆ. ಚಾರ್ಟಿನ ಶೀಟಿನಲ್ಲೇ ಮೂರು ಅಂಕಿ ಇಡಿ: ಒಟ್ಟು ಬಾಕ್ಸ್, ಒಟ್ಟು ಮಾರಾಟ, ಒಟ್ಟು ಬಾಕಿ. ಪಕ್ಕದಲ್ಲಿ ಟ್ಯಾಲಿಯ ರಿಪೋರ್ಟಿನ ಅದೇ ಮೂರು ಅಂಕಿ ಕೈಯಲ್ಲಿ ತುಂಬಿ. ಹಣದಲ್ಲಿ 1 ರೂಪಾಯಿವರೆಗಿನ ವ್ಯತ್ಯಾಸ ರೌಂಡ್ ಆಫ್ ಅಂತ ಬಿಡಬಹುದು, ಬಾಕ್ಸಿನಲ್ಲಿ ಒಂದೂ ಬಿಡಬಾರದು. ಒಂದು ಸೆಲ್‌ನಲ್ಲಿ ಕೊನೆಯ ರಿಫ್ರೆಶ್ ಸಮಯ ಮತ್ತು ತಾಳೆ ಇದೆ, ತಾಳೆ ಇಲ್ಲ ಅನ್ನುವ ಫಾರ್ಮುಲಾ ಬರೆಯಿರಿ. ಚಾರ್ಟಿನ ಶೀರ್ಷಿಕೆ ಮೇಲೆ ಕ್ಲಿಕ್ ಮಾಡಿ, ಫಾರ್ಮುಲಾ ಬಾರ್‌ನಲ್ಲಿ ಸಮ ಚಿಹ್ನೆ ಹಾಕಿ ಆ ಸೆಲ್ ತೋರಿಸಿದರೆ ಶೀರ್ಷಿಕೆಯೇ ಅದನ್ನು ಹೇಳುತ್ತದೆ. ಪ್ರಿಂಟ್ ತೆಗೆದುಕೊಂಡು ಹೋದವರಿಗೂ ಅದು ಎಷ್ಟು ಹೊತ್ತಿನ ಚಿತ್ರ ಅಂತ ಗೊತ್ತಾಗಬೇಕು.

ಕೋಲಾರ ಮಂಡಿ ಲೆಕ್ಕ

ಜುಲೈ ತಿಂಗಳಿಗೆ ಮಾಡಿ ನೋಡಿದಾಗ ಹಣ, ಬಾಕಿ ತಾಳೆಯಾದವು. ಬಾಕ್ಸಿನಲ್ಲಿ 40 ಹೆಚ್ಚು ಬರುತ್ತಿದೆ. ಕ್ಯಾನ್ಸಲ್, ಆಪ್ಶನಲ್ ಎರಡೂ ಫಿಲ್ಟರ್ ಆಗಿವೆ.

ಮಾಲೂರು ಆಡಿಟ್

ಹಣ ತಾಳೆಯಾಗಿ ಬಾಕ್ಸ್ ಮಾತ್ರ ತಪ್ಪಿದ್ದರೆ ವಾಪಸ್ ಬಂದ ಮಾಲು ನೋಡಿ. ಕ್ರೆಡಿಟ್ ನೋಟ್‌ನಲ್ಲಿ ಮೊತ್ತಕ್ಕೆ ಚಿಹ್ನೆ ಇರುತ್ತದೆ, ಪ್ರಮಾಣದ ಪಠ್ಯದಲ್ಲಿ ಬರೀ 20 ಬಾಕ್ಸ್ ಅಂತ ಇರುತ್ತದೆ. ಕಳೆಯಬೇಕಾದ 20 ಕೂಡಿಕೊಂಡರೆ ವ್ಯತ್ಯಾಸ ಸರಿಯಾಗಿ ಎರಡರಷ್ಟು, ಅಂದರೆ 40. ವೋಚರ್ ಟೈಪ್ ಕ್ರೆಡಿಟ್ ನೋಟ್ ಆಗಿದ್ದರೆ ಪ್ರಮಾಣವನ್ನು -1ರಿಂದ ಗುಣಿಸುವ ಒಂದು ಹಂತ ಸೇರಿಸಿ.

ಕೋಲಾರ ಮಂಡಿ ಲೆಕ್ಕ

ಹೌದು, ಜುಲೈ 18ರಂದು 20 ಬಾಕ್ಸಿನ ಒಂದು ಕ್ರೆಡಿಟ್ ನೋಟ್ ಇದೆ. ಹಂತ ಸೇರಿಸಿದ ಮೇಲೆ ಮೂರೂ ತಾಳೆ.